ಕ್ಲಾರಿನೆಟ್ ಊದುತ್ತಿದ್ದ ಅಪ್ಪನಿಗೆ ಮಂಗಳೂರು, ಉಡುಪಿಯಲ್ಲಿ ಏನು ತೋರಿಸಲಿ?

ಹುಬ್ಬಳ್ಳಿಯವ:
ಜುಲೈ 20ರ ಹೊತ್ತಿಗೆ ಅಪ್ಪನನ್ನು ಕರೆದುಕೊಂಡು ಮೂರು ದಿನಕ್ಕೆ ಬರುತ್ತಿದ್ದೇನೆ. ಅವರಿಗೆ 71. ಮೂವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಬೀಚ್ ಅಂದರೆ ಮುಖ ಸಿಂಡರಿಸುತ್ತಾರೆ, ಮಾಲ್ ಬೇಡವೇ ಬೇಡ. ಹಳೇ ಮನೆ, ಹಳೇ ವಸ್ತು, ಸ್ವಲ್ಪ ಸಂಗೀತ ಇದ್ದರೆ ಸಾಕು. ಮೊಣಕಾಲು ನೋವಿದೆ, ಜಾಸ್ತಿ ಹತ್ತಿ ಇಳಿಯೋದು ಆಗಲ್ಲ. ರಾತ್ರಿ ಯಕ್ಷಗಾನ ಸಿಗುತ್ತದಾ?

ಬಿಜೈ ಬದಿಯವ:
ಮಂಗಳೂರಿಗೆ ಒಂದು ದಿನ ಇಡಿ. ಬಿಜೈಯಲ್ಲಿ ಶ್ರೀಮಂತಿಬಾಯಿ ಮ್ಯೂಸಿಯಂ ಉಂಟು, ಹಡಗಿನ ಆಕಾರದ ಕಟ್ಟಡ. ಕರ್ನಲ್ ಮಿರಾಜ್‌ಕರ್ ತಾಯಿಯ ನೆನಪಿಗೆ ಕೊಟ್ಟ ಮನೆ, 1960ರಲ್ಲಿ ಮ್ಯೂಸಿಯಂ ಆಯಿತು. ಅರ್ಧ ಗಂಟೆ ಸಾಕು. ಆಮೇಲೆ ಅಲೋಶಿಯಸ್ ಕಾಲೇಜಿನ ಚಾಪೆಲ್. ಗೋಡೆ, ಛಾವಣಿ ತುಂಬಾ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳು. ಕಾಲೇಜಿನದ್ದೇ ಅಲೋಶಿಯಂ ಮ್ಯೂಸಿಯಂ ಕೂಡ ಅಲ್ಲೇ, 1913ರದ್ದು. ಗುಡ್ಡದ ಮೇಲಿರುವುದರಿಂದ ಆಟೋದವರಿಗೆ ಮೇಲೆಯೇ ಬಿಡಲು ಹೇಳಿ.

ಕೊಡವೂರು ಅಕ್ಕ:
ಮೊದಲು ಯಕ್ಷಗಾನದ್ದು ಹೇಳಿಬಿಡುತ್ತೇನೆ. ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಮೇಳಗಳು (ಯಕ್ಷಗಾನದ ತಂಡಗಳು) ಗೆಜ್ಜೆ ಬಿಚ್ಚುತ್ತವೆ. ಇನ್ನು ಹೊರಡುವುದು ನವೆಂಬರ್ ಹೊತ್ತಿಗೆ. ಜುಲೈಯಲ್ಲಿ ಬಯಲಾಟ ಹುಡುಕಿಕೊಂಡು ಓಡಬೇಡಿ. ಆದರೆ ಮಳೆಗಾಲದಲ್ಲಿ ಚಿಕ್ಕಮೇಳ ಉಂಟಲ್ಲ! ಎರಡು ವೇಷ, ಭಾಗವತರು, ಚೆಂಡೆ, ಮದ್ದಲೆ. ಸಂಜೆಯ ಮೇಲೆ ಮನೆ ಮನೆಗೆ ಬರುತ್ತಾರೆ. ದೀಪ ಹಚ್ಚಿ, ತೆಂಗಿನಕಾಯಿ, ಅಕ್ಕಿ ಇಟ್ಟು ಕಾಯುವುದು. ಕಾಲು ಗಂಟೆಯ ಆಟ ಅಷ್ಟೆ.

ಕಳೆದ ವರ್ಷ ನಮ್ಮ ಮನೆಗೆ ಬಂದಾಗ ಮದ್ದಲೆಯವರು ಚಾವಡಿಯಲ್ಲಿ ಕೂರಲೇ ಇಲ್ಲ. "ಅಕ್ಕ, ಒಲೆ ಬದಿ ಸ್ವಲ್ಪ ಜಾಗ ಉಂಟಾ?" ಎಂದು ಸೀದಾ ಅಡುಗೆಮನೆಗೆ ಬಂದರು. ಮಳೆಗೆ ಚರ್ಮ ತಣಿದು ಸ್ವರ ಇಳಿದಿತ್ತು. ನನ್ನ ಗಂಜಿ ಪಾತ್ರೆಯ ಪಕ್ಕ ಮದ್ದಲೆ ಹಿಡಿದು, ತಿರುಗಿಸಿ, ಬೆರಳಿನಿಂದ ಒಂದೊಂದೇ ಪೆಟ್ಟು ಹಾಕಿ ಕೇಳುತ್ತಿದ್ದರು. ಹೊರಗೆ ಭಾಗವತರು ಶ್ರುತಿ ಹಿಡಿದು ಕಾದರು. ನನಗೆ ಆಮೇಲಿನ ಕುಣಿತಕ್ಕಿಂತ ಅದೇ ಜಾಸ್ತಿ ನೆನಪಿದೆ. ನಿಮ್ಮ ಅಪ್ಪನಂಥವರಿಗೆ ಇದೇ ರುಚಿಸುವುದು. ನೀವು ಉಳಿಯುವ ಮನೆಯವರಿಗೆ ಮೊದಲೇ ಹೇಳಿಡಿ, ಊರಿಗೆ ಯಾವತ್ತು ಬರುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ.

ಇನ್ನು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಬಿಡಲೇಬೇಡಿ. ವಿಜಯನಾಥ ಶೆಣೈಯವರು ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ ಜಾಗ. ನಿಮ್ಮ ಕಡೆಯ ಮುಧೋಳ ಅರಮನೆಯ ದರ್ಬಾರ್ ಹಾಲ್ ಸಹ ಅಲ್ಲಿ ಉಂಟು ಮಾರಾಯ್ರೆ! ಗೈಡ್ ಜೊತೆಯೇ ಹೋಗಬೇಕು, ನಡೆಯುವುದೂ ಸ್ವಲ್ಪ ಇದೆ. ಅಪ್ಪ ನಿಧಾನ ನಡೆಯುತ್ತಾರೆ ಅಂತ ಮೊದಲೇ ಹೇಳಿ. ಎಲ್ಲಿಗೇ ಹೋದರೂ ಫೋನ್ ಮಾಡಿಯೇ ಹೊರಡಿ. ನಾನು ಒಂದು ಸೋಮವಾರ ಬೆಂಗಳೂರಿನ ನೆಂಟರನ್ನು ಮಳೆಯಲ್ಲಿ ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ, ಬೀಗದ ಫೋಟೋ ತೆಗೆಸಿಕೊಂಡು ಬಂದವಳು.

ಕ್ಲಾರಿನೆಟ್ ಅಂದಿರಲ್ಲ, ಅದಕ್ಕೊಂದು ಮಾತು. ನಮ್ಮಲ್ಲಿ ಮದುವೆಗೂ ದೇವಸ್ಥಾನಕ್ಕೂ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿಸುವುದು ಮಾಮೂಲು. ಕದ್ರಿ ಗೋಪಾಲನಾಥರ ಊರಲ್ವಾ! ಅವರ ತಂದೆ ನಾಗಸ್ವರದವರು. ಮಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಬಿದ್ದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ನನ್ನ ತಮ್ಮನೂ ಮದುವೆಗಳಿಗೆ ಸ್ಯಾಕ್ಸೋಫೋನ್ ಊದುವವನೇ. ಕೀಲಿ ಒತ್ತಿದರೆ ಸ್ವರ ಬರುತ್ತದೆ, ಗಮಕ ಬರಬೇಕಾದರೆ ತುಟಿ, ದವಡೆ ದುಡಿಯಬೇಕು ಎನ್ನುತ್ತಾನೆ. ನೀವು ಬರುವ ಹೊತ್ತಿಗೆ ತುಳುವರ ಆಟಿ ತಿಂಗಳು, ಆಗ ಮದುವೆ ಇಲ್ಲ, ಅವನು ಮನೆಯಲ್ಲೇ ಇರುತ್ತಾನೆ. ಇನ್‌ಬಾಕ್ಸಿಗೆ ಬರೆಯಿರಿ.

ಶಕ್ತಿನಗರ:
ಭಾನುವಾರ ಬರುವುದಾದರೆ, ಅದೂ ತಿಂಗಳ ಮೊದಲ ಭಾನುವಾರ, ನಮ್ಮ ಕಲಾಂಗಣದಲ್ಲಿ ಕೊಂಕಣಿ ಕಾರ್ಯಕ್ರಮ ಇರುತ್ತದೆ. 2008ರಲ್ಲಿ ಅದನ್ನು ನಡೆಸುವ ಕೊಂಕಣಿ ಕಲಾ ಸಂಸ್ಥೆ ಮಾಂಡ್ ಸೊಭಾಣ್‌ನವರು 40 ಗಂಟೆ ನಿಲ್ಲಿಸದೆ ಕೊಂಕಣಿ ಹಾಡಿ ಗಿನ್ನೆಸ್ ದಾಖಲೆ ಮಾಡಿದ್ದರು. ಕೊಂಕಣಿಯವರ ಗುಮಟೆ ಕೇಳಿದ್ದೀರಾ? ಮಣ್ಣಿನ ಮಡಕೆ, ದೊಡ್ಡ ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದೇ ಇರುತ್ತದೆ. ಆ ಕಡೆಗೆ ಅಂಗೈ ಅಡ್ಡ ಹಿಡಿದು ತೆಗೆದು ಮಾಡಿದರೆ ದನಿ ಬದಲಾಗುತ್ತದೆ. ಜುಲೈ 20 ಅಂದರೆ ತಪ್ಪಿತು, ಛೆ.

ಬಿಜೈ ಬದಿಯವ:
ಅಕ್ಕ, ಬೀಗದ ಫೋಟೋ ಹಾಕಿ ಒಮ್ಮೆ.

ಹುಬ್ಬಳ್ಳಿಯವ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಮುಧೋಳದ ದರ್ಬಾರ್ ಹಾಲ್ ಅಂದಾಗ "ಹಂಗಾದ್ರೆ ನಾವ್ಯಾಕ ಅಷ್ಟು ದೂರ ಹೋಗಬೇಕು" ಅಂದರು. ಒಲೆ ಪಕ್ಕದ ಮದ್ದಲೆ ವಿಷಯಕ್ಕೆ ಏನೂ ಅನ್ನಲಿಲ್ಲ. ರಾತ್ರಿ ನೋಡಿದರೆ ಅಟ್ಟದಿಂದ ಕ್ಲಾರಿನೆಟ್ ಪೆಟ್ಟಿಗೆ ಇಳಿಸಿ, ಊದುವ ಬಾಯಿಗೆ ಕಟ್ಟುವ ಜೊಂಡಿನ ಪಟ್ಟಿ (ರೀಡ್) ಬಾಯಲ್ಲಿಟ್ಟುಕೊಂಡು ನೆನೆಸುತ್ತಾ ಕೂತಿದ್ದರು. ಅಕ್ಕ, ಇನ್‌ಬಾಕ್ಸಿಗೆ ಬರೆದಿದ್ದೇನೆ. ನಿಮ್ಮ ತಮ್ಮನ ಹತ್ತಿರ ಯಾವ ನಂಬರಿನ ರೀಡ್ ಇದೆ ಅಂತ ಅಪ್ಪ ಕೇಳುತ್ತಿದ್ದಾರೆ.