ಹಳೆ ಡಿವಿಆರ್‌ಗೆ ಐಪಿ ಕ್ಯಾಮೆರಾ ಹಾಕಬಹುದಾ?

ಗೋಡೌನ್‌ಕಾವಲು:

ಎಲ್ಲರಿಗೂ ನಮಸ್ಕಾರ. ನಮ್ಮ ಗೋಡೌನಿನಲ್ಲಿ 8 ಚಾನೆಲ್‌ನ ಹಳೆ ಡಿವಿಆರ್ (ಕ್ಯಾಮೆರಾ ವಿಡಿಯೋ ರೆಕಾರ್ಡ್ ಮಾಡುವ ಡಬ್ಬಿ) ಇದೆ. ಆರು ಅನಲಾಗ್ ಕ್ಯಾಮೆರಾ ಓಡುತ್ತಿವೆ, ಕೋಆಕ್ಸಿಯಲ್ ಕೇಬಲ್ ಚುಚ್ಚುವ ಎರಡು ಬಿಎನ್‌ಸಿ ಸಾಕೆಟ್ ಖಾಲಿ. ಅಣ್ಣನ ಆಫೀಸು ಬೇರೆ ಕಡೆಗೆ ಹೋಯಿತು, ಅಲ್ಲಿದ್ದ ಎರಡು ಐಪಿ ಕ್ಯಾಮೆರಾ (ನೆಟ್‌ವರ್ಕ್‌ಗೆ ಹಾಕುವಂಥವು) ನನ್ನ ಪಾಲಿಗೆ ಬಂದವು. 4 ಮೆಗಾಪಿಕ್ಸೆಲ್, ಪಿಒಇ ಇರುವಂಥವು, ಅಂದರೆ ಲ್ಯಾನ್ ಕೇಬಲಿನಲ್ಲೇ ಕರೆಂಟ್ ಬರುತ್ತದೆ. ಅವನ್ನು ಆ ಖಾಲಿ ಸಾಕೆಟ್‌ಗೆ ಹಾಕಬೇಕು ಅಂತ ಆಸೆ. ಒಂದು ತುದಿ ಆರ್‌ಜೆ45 (ಲ್ಯಾನ್ ಕೇಬಲಿನ ಪ್ಲಗ್), ಇನ್ನೊಂದು ತುದಿ ಬಿಎನ್‌ಸಿ ಇರುವ ಸಣ್ಣ ಕನೆಕ್ಟರ್ ಸಿಗುತ್ತದೆ, ಅದು ಸಾಕು ಅಂತ ಒಬ್ಬರು ಹೇಳಿದರು. ನಿಜಾನಾ? ಡಿವಿಆರ್ ಹಿಂದೆ ಲ್ಯಾನ್ ಪೋರ್ಟ್ ಕೂಡ ಇದೆ, ಸೀದಾ ಅದಕ್ಕೇ ಚುಚ್ಚಿದರೆ ಆಗಲ್ವಾ?

ತಂತಿಜಾಲ:

ಆ ಕನೆಕ್ಟರ್ ತರಬೇಡಿ, ದುಡ್ಡು ದಂಡ. ಅದು ಬಾಲನ್. ಅನಲಾಗ್ ಸಿಗ್ನಲನ್ನು ಕೋಆಕ್ಸಿಯಲ್ ಬದಲು ಲ್ಯಾನ್ ಕೇಬಲಿನಲ್ಲಿ ಕಳಿಸಲು ಇರುವುದು. ತಂತಿ ಬದಲಾಗುತ್ತದೆ ಅಷ್ಟೇ, ಸಿಗ್ನಲ್ ಬದಲಾಗುವುದಿಲ್ಲ.

ನಿಮ್ಮ ಬಿಎನ್‌ಸಿ ಸಾಕೆಟ್‌ಗೆ ಬೇಕಾಗಿರುವುದು 1 ವೋಲ್ಟಿನ ಅನಲಾಗ್ ವಿಡಿಯೋ. ಅದನ್ನು ಡಿಜಿಟಲ್ ಮಾಡಿ, ಕುಗ್ಗಿಸಿ, ಡಿಸ್ಕಿಗೆ ಬರೆಯುವುದೆಲ್ಲ ಡಿವಿಆರ್ ಕೆಲಸ. ಐಪಿ ಕ್ಯಾಮೆರಾ ಕುಗ್ಗಿಸುವ ಕೆಲಸವನ್ನು ತನ್ನೊಳಗೇ ಮುಗಿಸಿಕೊಂಡು ಬರುತ್ತದೆ. ಅದರಿಂದ ಹೊರಬರುವುದು ಎಚ್.264 ಅಥವಾ ಎಚ್.265 ಅನ್ನುವ ವಿಧಾನದಲ್ಲಿ ಕುಗ್ಗಿಸಿದ ಪ್ಯಾಕೆಟ್‌ಗಳು. ಬಿಎನ್‌ಸಿಗೆ ಅವು ಬರೀ ಗದ್ದಲ.

ಲ್ಯಾನ್ ಪೋರ್ಟ್ ವಿಷಯ ನಿಮ್ಮ ಮಾಡೆಲ್ ಮೇಲಿದೆ. ಅಪ್ಪಟ ಅನಲಾಗ್ ಡಿವಿಆರ್‌ನಲ್ಲಿ ಅದು ಮೊಬೈಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ನೋಡಲಿಕ್ಕೆ ಮಾತ್ರ. ಹೈಬ್ರಿಡ್ ಆಗಿದ್ದರೆ ಕ್ಯಾಮೆರಾ ಒಳಗೆ ತೆಗೆದುಕೊಳ್ಳುತ್ತದೆ. ಮೆನುವಿನಲ್ಲಿ ‘ಐಪಿ ಕ್ಯಾಮೆರಾ’ ಅಥವಾ ‘ಚಾನೆಲ್ ಟೈಪ್’ ಅಂತ ಏನಾದರೂ ಇದೆಯಾ ನೋಡಿ. ಇದ್ದರೆ ನಿಮ್ಮ ಅದೃಷ್ಟ. ಖಾಲಿ ಚಾನೆಲ್ ಎರಡನ್ನು ಐಪಿಗೆ ಬದಲಿಸಿ, ಆನ್‌ವಿಫ್ (ಬೇರೆ ಬೇರೆ ಕಂಪನಿಯ ಸಾಧನಗಳು ಮಾತಾಡಿಕೊಳ್ಳುವ ಸಾಮಾನ್ಯ ಭಾಷೆ) ಮೂಲಕ ಕ್ಯಾಮೆರಾ ಸೇರಿಸಿ. ಕೆಲವು ಕ್ಯಾಮೆರಾಗಳಲ್ಲಿ ಆನ್‌ವಿಫ್ ಆಫ್ ಆಗಿಯೇ ಬರುತ್ತದೆ, ಆನ್ ಮಾಡಿ ಅದಕ್ಕೊಂದು ಬೇರೆ ಯೂಸರ್ ಕೊಡಬೇಕು. ಹಳೆ ಹೈಬ್ರಿಡ್‌ಗಳಿಗೆ ಎಚ್.265 ಅರ್ಥವಾಗುವುದಿಲ್ಲ. ಪರದೆ ಕಪ್ಪಾಗಿಯೇ ಇದ್ದರೆ ಕ್ಯಾಮೆರಾವನ್ನು ಎಚ್.264ಕ್ಕೆ ಇಳಿಸಿ ನೋಡಿ.

ಗೋಡೌನ್‌ಕಾವಲು:

ಮೆನು ಪೂರ್ತಿ ಹುಡುಕಿದೆ ಸರ್, ಅಂಥದ್ದು ಇಲ್ಲ. ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಚಿತ್ರದ ಗಾತ್ರಕ್ಕೆ ಸಿಐಎಫ್, ಡಿ1 ಅಂತ ಎರಡೇ ಇವೆ.

ಸರ್ಕ್ಯೂಟ್‌ಪ್ರಿಯ:

ಹಾಗಾದರೆ ಅಪ್ಪಟ ಅನಲಾಗೇ. ಆದರೂ ದಾರಿ ಇದೆ. ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ತಗೊಳ್ಳಿ. 3.5 ಎಂಎಂ ಜಾಕ್ ಇರುವ ಮಾಡೆಲ್ ಆಗಬೇಕು, ಅದರಲ್ಲೇ ಕಾಂಪೊಸಿಟ್ (ಅನಲಾಗ್) ವಿಡಿಯೋ ಬರುತ್ತದೆ. ಕ್ಯಾಮೆರಾ ನೆಟ್‌ವರ್ಕಿನಲ್ಲಿ ಕಳಿಸುವ ಆರ್‌ಟಿಎಸ್‌ಪಿ ಸ್ಟ್ರೀಮನ್ನು ಫುಲ್ ಸ್ಕ್ರೀನ್ ಓಡಿಸಿ, ಆ ಔಟ್‌ಪುಟ್‌ಗೆ ಆರ್‌ಸಿಎ–ಬಿಎನ್‌ಸಿ ಅಡಾಪ್ಟರ್ ಹಾಕಿ ಡಿವಿಆರ್‌ಗೆ ಕೊಡಿ. ಪೈ ಸುಮ್ನೆ ಬಿಟ್ಟರೆ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಕೊಡುತ್ತದೆ, ಸೆಟ್ಟಿಂಗ್ ಫೈಲಿನಲ್ಲಿ ನಮ್ಮ ಕಡೆಯ ಪಾಲ್ ಮಾಡಿಕೊಳ್ಳಿ. ಪೈ ಬೇಡ ಅಂದರೆ ರೆಡಿಮೇಡ್ ಡಿಕೋಡರ್ ಡಬ್ಬಿಗಳೂ ಸಿಗುತ್ತವೆ. ಡಿವಿಆರ್ ಪಾಲಿಗೆ ಅದು ಇನ್ನೊಂದು ಅನಲಾಗ್ ಕ್ಯಾಮೆರಾ, ಅಷ್ಟೇ.

ತಂತಿಜಾಲ:

ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಯಾಕೆ ಅಂತ ಕೇಳಿ. 4 ಮೆಗಾಪಿಕ್ಸೆಲ್ ಅಂದರೆ ಸಾಮಾನ್ಯವಾಗಿ 2560×1440. ಡಿ1 ಅಂದರೆ 720×576. ಅಂದರೆ ಚಿತ್ರದ ಒಂಬತ್ತನೇ ಒಂದು ಪಾಲು ಮಾತ್ರ ಡಿಸ್ಕಿಗೆ ಹೋಗುತ್ತದೆ. ಬಕೆಟ್ ನೀರು ತಂದು ಚೊಂಬಿಗೆ ಸುರಿದ ಹಾಗೆ. ಅಗಲ ಚಿತ್ರ ಹಳೆ 4:3 ಚೌಕಟ್ಟಿಗೆ ಬಂದು ಜನ ಉದ್ದುದ್ದ ಕಾಣುತ್ತಾರೆ, ಇಲ್ಲವೇ ಮೇಲೆ ಕೆಳಗೆ ಕಪ್ಪು ಪಟ್ಟಿ. ಗಾಡಿ ನಂಬರ್ ಪ್ಲೇಟ್ ಓದಬೇಕು ಅಂತ ತಾನೇ ಒಳ್ಳೆ ಕ್ಯಾಮೆರಾ ಹಾಕೋದು? ಅದೇ ಕಾಣದಿದ್ದರೆ ಏನು ಬಂತು. ಇನ್ನು ಮಧ್ಯದ ಡಬ್ಬಿ ರಾತ್ರಿ ಹ್ಯಾಂಗ್ ಆಯಿತು ಅನ್ನಿ. ಪರದೆ ಮೇಲೆ ನಿಂತ ಚಿತ್ರವನ್ನೇ ಡಿವಿಆರ್ ಬೆಳಗಿನವರೆಗೂ ಶ್ರದ್ಧೆಯಿಂದ ರೆಕಾರ್ಡ್ ಮಾಡುತ್ತದೆ. ವಿಡಿಯೋ ಲಾಸ್ ಅಲಾರಂ ಕೂಡ ಬರುವುದಿಲ್ಲ, ಯಾಕೆಂದರೆ ಸಿಗ್ನಲ್ ಬರುತ್ತಲೇ ಇದೆ. ನನಗೆ ಇಷ್ಟವಾಗದ್ದು ಇದೇ.

ನನ್ನ ಮಾತು ಕೇಳುವುದಾದರೆ ಹೊಸದನ್ನು ಹಳೆಯದರ ಮಟ್ಟಕ್ಕೆ ಇಳಿಸಬೇಡಿ, ಹಳೆಯದನ್ನು ಹೊಸದರ ಹತ್ತಿರ ತನ್ನಿ. ಆರು ಹಳೆ ಕ್ಯಾಮೆರಾ ಹಳೆ ಡಿವಿಆರ್‌ನಲ್ಲೇ ಇರಲಿ. ಎರಡು ಐಪಿ ಕ್ಯಾಮೆರಾಗೆ ಸಣ್ಣ ಎನ್‌ವಿಆರ್ (ಐಪಿ ಕ್ಯಾಮೆರಾಗಳ ರೆಕಾರ್ಡರ್) ಅಥವಾ ಒಂದು ಹಳೆ ಕಂಪ್ಯೂಟರ್ ಸಾಕು. ಸೆಕೆಂಡಿಗೆ 4 ಮೆಗಾಬಿಟ್ ಇಟ್ಟರೆ ಒಂದು ಕ್ಯಾಮೆರಾ ದಿನಕ್ಕೆ 43 ಜಿಬಿ ತಿನ್ನುತ್ತದೆ. 1 ಟಿಬಿ ಡಿಸ್ಕಿನಲ್ಲಿ ಎರಡೂ ಸೇರಿ ಹನ್ನೊಂದು ದಿನ.

ಗೋಡೌನ್‌ಕಾವಲು:

ಒಪ್ಪಿದೆ. ಆದರೆ ಎರಡು ಡಬ್ಬಿ, ಎರಡು ಪರದೆ ಆಗುತ್ತಲ್ಲ ಸರ್? ಇನ್ನೊಂದು ವಿಷಯ ಹೇಳಲೇ ಇಲ್ಲ. ಒಂದು ಕ್ಯಾಮೆರಾ ಗೇಟಿಗೆ ಹೋಗಬೇಕು. ಅಲ್ಲಿಗೆ 140 ಮೀಟರ್ ಆಗುತ್ತದೆ. ಹಳೆ ಕೋಆಕ್ಸಿಯಲ್ ಅಲ್ಲಿವರೆಗೆ ನೆಲದಡಿ ಹೋಗಿದೆ, ಮತ್ತೆ ಅಗೆಯುವ ಶಕ್ತಿ ನನಗಿಲ್ಲ.

ತಂತಿಜಾಲ:

ಅಗೆಯುವುದು ಬೇಡವೇ ಬೇಡ. ಲ್ಯಾನ್ ಕೇಬಲ್ ಎಳೆದರೂ 100 ಮೀಟರ್ ದಾಟಿದ ಮೇಲೆ ಭರವಸೆ ಇಲ್ಲ. ಈಥರ್ನೆಟ್ ಓವರ್ ಕೋಆಕ್ಸ್ ಅಡಾಪ್ಟರ್ ಜೋಡಿಯಾಗಿ ಸಿಗುತ್ತದೆ. ಗೇಟಿನಲ್ಲಿ ಒಂದು, ಒಳಗೆ ಒಂದು. ಅದೇ ಹಳೆ ಕೇಬಲಿನಲ್ಲಿ ನೆಟ್‌ವರ್ಕ್ ಹರಿಯುತ್ತದೆ. ಮೊದಲು ಅಂದುಕೊಂಡ ಕೆಲಸ ಬೇರೆ, ಆದರೆ ನಿಮ್ಮ ಕೋಆಕ್ಸಿಯಲ್ ವ್ಯರ್ಥವಾಗುವುದಿಲ್ಲ. ಕ್ಯಾಮೆರಾಗೆ ಕರೆಂಟನ್ನೂ ಅದೇ ತಂತಿಯಲ್ಲಿ ಕಳಿಸುವ ಮಾಡೆಲ್ ಕೇಳಿ ತೆಗೆದುಕೊಳ್ಳಿ, ಎಲ್ಲವೂ ಕಳಿಸುವುದಿಲ್ಲ. ಮಧ್ಯೆ ಎಲ್ಲಾದರೂ ಕೇಬಲ್ ಕತ್ತರಿಸಿ ತಿರುಚಿ ಟೇಪ್ ಸುತ್ತಿದ್ದರೆ ಮೊದಲು ಅದನ್ನು ಸರಿಮಾಡಿ. ಅನಲಾಗ್ ಚಿತ್ರ ಅಂಥ ಜಾಯಿಂಟ್‌ನಲ್ಲೂ ಹೇಗೋ ಬರುತ್ತದೆ, ನೆಟ್‌ವರ್ಕ್ ಅಷ್ಟು ಸಹಿಸುವುದಿಲ್ಲ.

ಪರದೆ ಒಂದೇ ಸಾಕು. ತುಂಬಾ ಡಿವಿಆರ್‌ಗಳು ತಮ್ಮ ಚಾನೆಲ್‌ಗಳನ್ನು ಆರ್‌ಟಿಎಸ್‌ಪಿಯಲ್ಲಿ ಹೊರಗೆ ಕೊಡುತ್ತವೆ. ನಿಮ್ಮದರಲ್ಲೂ ಇದ್ದರೆ ಕಂಪ್ಯೂಟರ್‌ನಲ್ಲೋ ಎನ್‌ವಿಆರ್‌ನಲ್ಲೋ ಆ ಆರನ್ನೂ ಸೇರಿಸಿ ಎಂಟನ್ನೂ ಒಟ್ಟಿಗೆ ನೋಡಬಹುದು. ಡಿವಿಆರ್‌ನಲ್ಲಿ ಆರ್‌ಟಿಎಸ್‌ಪಿ ಇಲ್ಲದಿದ್ದರೆ ವಿಡಿಯೋ ಎನ್‌ಕೋಡರ್ ಅಂತ ಬರುತ್ತದೆ, ಬಿಎನ್‌ಸಿ ಒಳಗೆ, ಲ್ಯಾನ್ ಹೊರಗೆ. ಎಲ್ಲಾ ಒಂದೇ ಮನೆ ನೆಟ್‌ವರ್ಕಿನಲ್ಲಿ ಇರಲಿ, ಡಿವಿಆರ್‌ನ ಪೋರ್ಟನ್ನು ರೂಟರ್‌ನಿಂದ ಇಂಟರ್ನೆಟ್‌ಗೆ ತೆರೆಯಬೇಡಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್ವೇರ್ ಹಿಡಿದುಕೊಂಡದ್ದು ಇಂಥವನ್ನೇ, ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಡಿವಿಆರ್, ಕ್ಯಾಮೆರಾಗಳನ್ನು.

ಎರಡೂ ಕ್ಯಾಮೆರಾ ಒಂದೇ ಕಂಪನಿಯದಾ? ಹಾಗಿದ್ದರೆ ರೀಸೆಟ್ ಆದ ಮೇಲೆ ಎರಡೂ ಒಂದೇ ಐಪಿ ಅಡ್ರೆಸ್‌ನಲ್ಲಿ ಎದ್ದು ಕೂರಬಹುದು. ಒಂದೊಂದಾಗಿ ಹಾಕಿ ಅಡ್ರೆಸ್ ಬದಲಿಸಿ.

ಗೋಡೌನ್‌ಕಾವಲು:

ಹೌದು, ಒಂದೇ ಕಂಪನಿ. ಕೆಳಗೆ ಮುಚ್ಚಳ ತೆಗೆದರೆ ಎಸ್‌ಡಿ ಕಾರ್ಡ್ ಸ್ಲಾಟ್ ಕೂಡ ಇದೆ. ಎನ್‌ವಿಆರ್ ಬರುವವರೆಗೆ ಅದರಲ್ಲೇ ರೆಕಾರ್ಡ್ ಮಾಡಲಾ?

ತಂತಿಜಾಲ:

ಧಾರಾಳವಾಗಿ. 128 ಜಿಬಿ ಕಾರ್ಡ್ ಹಾಕಿದರೆ ಬಿಡದೆ ಬರೆದರೂ ಹತ್ತಿರಹತ್ತಿರ ಮೂರು ದಿನ ಬರುತ್ತದೆ, ಚಲನೆ ಕಂಡಾಗ ಮಾತ್ರ ಅಂತ ಇಟ್ಟರೆ ಇನ್ನೂ ಜಾಸ್ತಿ. ಹೈ ಎಂಡ್ಯೂರೆನ್ಸ್ ಅಂತ ಬರೆದಿರುವ ಕಾರ್ಡೇ ತನ್ನಿ, ಫಾರ್ಮ್ಯಾಟ್ ಕ್ಯಾಮೆರಾದೊಳಗೇ ಮಾಡಿ. ಮತ್ತೆ ಕ್ಯಾಮೆರಾ, ಡಿವಿಆರ್ ಎರಡಕ್ಕೂ ಒಂದೇ ಎನ್‌ಟಿಪಿ ಸರ್ವರ್ (ಗಡಿಯಾರ ಸರಿಹೊಂದಿಸುವುದು) ಕೊಡಿ. ಗೇಟಿನಲ್ಲಿ ಬಂದ ಗಾಡಿ ಒಳಗಿನ ಕ್ಯಾಮೆರಾದಲ್ಲಿ ಹತ್ತು ನಿಮಿಷ ಮೊದಲೇ ಕಾಣಿಸಿದರೆ ಆ ರೆಕಾರ್ಡಿಂಗ್ ತೋರಿಸಿ ಯಾರಿಗೂ ಏನೂ ಒಪ್ಪಿಸಲು ಆಗುವುದಿಲ್ಲ.