ಹಲವು ಕೋರ್‌ಗಳು ಕೂಡಿ ಒಂದೇ ಪ್ರೋಗ್ರಾಂ ಅನ್ನು ವೇಗವಾಗಿ ಓಡಿಸಬಲ್ಲವೇ?

ಪ್ರಶ್ನೆ (ರಾಜಾಜಿನಗರದಿಂದ): ನಮಸ್ಕಾರ. ನಾನು ಬಡಾವಣೆ ನಕ್ಷೆಗಳನ್ನು ಸಿದ್ಧಪಡಿಸಿಕೊಡುವ ಸಣ್ಣ ಕಚೇರಿ ನಡೆಸುತ್ತಿದ್ದೇನೆ. ಪ್ರತಿ ನಿವೇಶನದ ವಿಸ್ತೀರ್ಣ ಲೆಕ್ಕ ಹಾಕಿ, ಅದರೊಳಗೆ ಸಂಖ್ಯೆ ಬರೆಯುವ ಲಿಸ್ಪ್ ರೂಟೀನ್ (ಲಿಸ್ಪ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ) ಒಂದನ್ನು ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಬಳಸುತ್ತೇವೆ. ಬಡಾವಣೆ ದೊಡ್ಡದಾದರೆ ಅದು ಮುಗಿಯುವವರೆಗೆ ಪರದೆ ಅಲುಗಾಡುವುದಿಲ್ಲ. ಆದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಸಿಪಿಯು ಬಳಕೆ ಶೇಕಡಾ 6ರ ಆಸುಪಾಸಿನಲ್ಲೇ ಇರುತ್ತದೆ. ಯಂತ್ರದಲ್ಲಿರುವುದು 8 ಕೋರ್ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ), 16 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಹೊಸ ಯಂತ್ರ ವಿಚಾರಿಸಲು ಎಸ್.ಪಿ. ರಸ್ತೆಗೆ ಹೋದಾಗ ಅಂಗಡಿಯವರೊಬ್ಬರು, ಕೋರ್‌ಗಳೆಲ್ಲ ಸೇರಿ ಒಂದೇ ದೊಡ್ಡ ಕೋರ್‌ನಂತೆ ಕೆಲಸ ಮಾಡುವ ಪ್ರೊಸೆಸರ್ ಬರಲಿದೆ, ಕಾದು ಕೊಳ್ಳಿ ಎಂದರು. ಈ ಮಾತಿನಲ್ಲಿ ಹುರುಳಿದೆಯೇ?

ಉತ್ತರ (ಪ್ರೊಸೆಸರ್ ವಿನ್ಯಾಸ ಪರಿಶೀಲನೆಯಲ್ಲಿರುವ ಎಂಜಿನಿಯರ್, ಮಾರತ್ತಹಳ್ಳಿ): ನಮಸ್ಕಾರ. ಕಾಯಬೇಡಿ. ಆದರೆ ಅಂಗಡಿಯವರ ಮಾತು ಪೂರ್ತಿ ಗಾಳಿಮಾತೂ ಅಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನೀವು ಕಂಡ ಶೇಕಡಾ 6. ನೂರನ್ನು 16ರಿಂದ ಭಾಗಿಸಿದರೆ 6.25 ಬರುತ್ತದೆ, ಅಂದರೆ ನಿಮ್ಮ ರೂಟೀನ್ ಒಂದೇ ಥ್ರೆಡ್ಡನ್ನು ಪೂರ್ತಿಯಾಗಿ ದುಡಿಸುತ್ತಿದೆ, ಉಳಿದವು ಸುಮ್ಮನೆ ಕುಳಿತಿವೆ. ವಿಂಡೋಸ್ ಆ ಥ್ರೆಡ್ಡನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಆಗಾಗ ಎತ್ತಿ ಕೂರಿಸುವುದರಿಂದ ಯಾವ ಗ್ರಾಫ್ ಕೂಡ ಪೂರ್ತಿ ತುಂಬಿದಂತೆ ಕಾಣದೆ, ಯಂತ್ರವೇ ಸೋಮಾರಿಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ.

ಇನ್ನು ವದಂತಿಯ ವಿಚಾರ. ಇದು ಹಳೆಯದು. 2006ರಲ್ಲಿ ಎಎಂಡಿಯ ಎಎಂ2 ಪ್ರೊಸೆಸರ್‌ಗಳು ಬಂದ ಸಮಯದಲ್ಲಿ, ಅವುಗಳ ಎರಡು ಕೋರ್‌ಗಳನ್ನು ಒಂದಾಗಿಸುವ 'ರಿವರ್ಸ್ ಹೈಪರ್‌ಥ್ರೆಡಿಂಗ್' (ಒಂದು ಕೋರ್ ಎರಡಾಗಿ ತೋರಿಸಿಕೊಳ್ಳುವ ಹೈಪರ್‌ಥ್ರೆಡಿಂಗ್‌ನ ತದ್ವಿರುದ್ಧ) ಎಂಬ ಸೌಲಭ್ಯ ಒಳಗೆ ಅಡಗಿದೆ, ಡ್ರೈವರ್ ಬಂದೊಡನೆ ಎಚ್ಚರಗೊಳ್ಳುತ್ತದೆ ಎಂಬ ಸುದ್ದಿ ಜಗತ್ತಿನೆಲ್ಲೆಡೆ ಹರಿದಾಡಿತ್ತು. ಅದೇ ವರ್ಷ ಜುಲೈನಲ್ಲಿ ಇಂಟೆಲ್‌ನ ಕೋರ್ 2 ಡ್ಯುವೋ ಪ್ರೊಸೆಸರ್ ಬಂದು ಎಎಂಡಿಯನ್ನು ಹಿಂದಿಕ್ಕಿತು. ಅಡಗಿದ್ದ ಸೌಲಭ್ಯ ಮಾತ್ರ ಎಂದೂ ಹೊರಬರಲಿಲ್ಲ. ಸೋಲುತ್ತಿರುವ ಪಕ್ಷದ ಅಭಿಮಾನಿಗಳಿಗೆ ಇಂಥ ಸುದ್ದಿ ಬಹಳ ರುಚಿಸುತ್ತದೆ.

ವದಂತಿ ಸುಳ್ಳಾದರೂ ಅದರ ಹಿಂದಿನ ಸಂಶೋಧನೆ ಗಂಭೀರವಾದದ್ದೇ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಗುರಿಂದರ್ ಸೋಹಿ ಮತ್ತು ಸಂಗಡಿಗರು 1995ರಲ್ಲೇ ಒಂದು ಪ್ರೋಗ್ರಾಂ ಅನ್ನು ತುಂಡುಗಳಾಗಿಸಿ ಹಲವು ಘಟಕಗಳಿಗೆ ಹಂಚುವ 'ಮಲ್ಟಿಸ್ಕೇಲರ್' ಎಂಬ ವಿನ್ಯಾಸವನ್ನು ಮಂಡಿಸಿದ್ದರು. 2007ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ, ಸಣ್ಣ ಕೋರ್‌ಗಳನ್ನು ಬೇಕಾದಾಗ ಒಂದಾಗಿ ಬೆಸೆಯುವ 'ಕೋರ್ ಫ್ಯೂಷನ್' ಬಂತು. 2014ರಲ್ಲಿ ಸಾಫ್ಟ್ ಮೆಷೀನ್ಸ್ ಎಂಬ ಕಂಪನಿ ಇದೇ ಭರವಸೆಯೊಂದಿಗೆ 'ವಿಸ್ಕ್' ಎಂಬ ವಿನ್ಯಾಸವನ್ನು ತೋರಿಸಿತು, 2016ರಲ್ಲಿ ಇಂಟೆಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. 2025ರಲ್ಲಿ ಇಂಟೆಲ್‌ನ 'ಸಾಫ್ಟ್‌ವೇರ್ ಡಿಫೈನ್ಡ್ ಸೂಪರ್ ಕೋರ್' ಪೇಟೆಂಟ್ ಅರ್ಜಿ ಸುದ್ದಿಯಾಯಿತು; ಅಂಗಡಿಯವರ ಕಿವಿಗೆ ಬಿದ್ದಿರುವುದು ಬಹುಶಃ ಇದೇ. ಪೇಟೆಂಟ್ ಅರ್ಜಿ ಎಂದರೆ ಹಕ್ಕು ಕಾಯ್ದಿರಿಸುವ ಪ್ರಯತ್ನವೇ ಹೊರತು ಮುಂದಿನ ವರ್ಷದ ಮಾರಾಟದ ಪಟ್ಟಿಯಲ್ಲ.

ಮರುಪ್ರಶ್ನೆ (ಅದೇ ಓದುಗರು): ಧನ್ಯವಾದಗಳು ಸರ್. ಇಷ್ಟು ದೊಡ್ಡ ಕಂಪನಿಗಳಿಂದ ಇದು ಏಕೆ ಆಗುತ್ತಿಲ್ಲ? ಒಂದು ನಿವೇಶನದ ವಿಸ್ತೀರ್ಣಕ್ಕೂ ಪಕ್ಕದ ನಿವೇಶನದ ವಿಸ್ತೀರ್ಣಕ್ಕೂ ಸಂಬಂಧವೇ ಇಲ್ಲವಲ್ಲ?

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಸಂಬಂಧವಿಲ್ಲ ಎಂಬುದು ನಿಮಗೆ ಗೊತ್ತು, ಪ್ರೊಸೆಸರ್‌ಗೆ ಗೊತ್ತಿಲ್ಲ. ಅದಕ್ಕೆ ಕಾಣುವುದು ನಿವೇಶನವಲ್ಲ, ಸಾಲಾಗಿ ಬರುವ ಸೂಚನೆಗಳು ಮಾತ್ರ. ಇಂದಿನ ಕೋರ್ ಕೂಡ ಮುಂದಿನ ಸೂಚನೆಗಳನ್ನು ಇಣುಕಿ ನೋಡಿ, ಒಂದನ್ನೊಂದು ಅವಲಂಬಿಸದವುಗಳನ್ನು ಏಕಕಾಲಕ್ಕೆ ಮಾಡಿ ಮುಗಿಸುತ್ತದೆ; ಇಂಟೆಲ್‌ನ ಗೋಲ್ಡನ್ ಕೋವ್ ಕೋರ್ ಹೀಗೆ 512 ಸೂಚನೆಗಳವರೆಗೆ ಹಿಡಿದಿಟ್ಟುಕೊಳ್ಳಬಲ್ಲದು. ನಿಮ್ಮ ಮುಂದಿನ ನಿವೇಶನವಾದರೋ, ಲಿಸ್ಪ್ ಇಂಟರ್‌ಪ್ರಿಟರ್ (ರೂಟೀನನ್ನು ಓದಿ ನಡೆಸುವ ಪ್ರೋಗ್ರಾಂ) ಮತ್ತು ನಕ್ಷೆಯ ಡೇಟಾಬೇಸ್ ದಾಟಿ, ಅದೆಷ್ಟೋ ಸಾವಿರ ಸೂಚನೆಗಳಾಚೆ ಇದೆ.

ಅಷ್ಟು ದೂರದ ಕೆಲಸವನ್ನು ಎರಡನೆಯ ಕೋರ್‌ಗೆ ಮುಂಗಡವಾಗಿ ಒಪ್ಪಿಸಬೇಕೆಂದರೆ ದಾರಿಯಲ್ಲಿ ಬರುವ ಪ್ರತಿಯೊಂದು ಕವಲನ್ನೂ ('ಹೀಗಿದ್ದರೆ ಇದು ಮಾಡು, ಇಲ್ಲದಿದ್ದರೆ ಅದು ಮಾಡು' ಎಂಬ ತಿರುವನ್ನು) ಊಹಿಸಬೇಕು. ಸಾಮಾನ್ಯ ಪ್ರೋಗ್ರಾಂಗಳಲ್ಲಿ ಸುಮಾರು ಐದು ಸೂಚನೆಗಳಿಗೊಂದು ಕವಲು ಇರುತ್ತದೆ ಎಂದುಕೊಂಡರೆ ಸಾವಿರ ಸೂಚನೆಗಳಲ್ಲಿ 200 ಕವಲುಗಳಾದವು. ಪ್ರತಿ ಊಹೆ ಶೇಕಡಾ 99ರಷ್ಟು ಸರಿ ಎಂದಿಟ್ಟುಕೊಂಡರೂ, 200 ಊಹೆಗಳೂ ಒಟ್ಟಿಗೆ ಸರಿಯಾಗುವ ಸಂಭವ ನೂರಕ್ಕೆ 13 ಮಾತ್ರ. ಒಂದು ತಪ್ಪಿದರೂ ಎರಡನೆಯ ಕೋರ್ ಮಾಡಿಟ್ಟದ್ದನ್ನೆಲ್ಲ ಎಸೆಯಬೇಕಾಗಬಹುದು, ಸುಟ್ಟ ವಿದ್ಯುತ್ತು ಮಾತ್ರ ಮರಳಿ ಬಾರದು.

ಇದರ ಮೇಲೆ ದೂರದ ತೊಡಕು ಬೇರೆ. 5 ಗಿಗಾಹರ್ಟ್ಸ್‌ನಲ್ಲಿ ಒಂದು ಕ್ಲಾಕ್ (ಪ್ರೊಸೆಸರ್‌ನ ಒಂದು ಮಿಡಿತ) ಎಂದರೆ 0.2 ನ್ಯಾನೋಸೆಕೆಂಡ್, ಕೋರ್‌ನೊಳಗೆ ಒಂದು ಸಂಕಲನದ ಫಲ ಮುಂದಿನ ಸೂಚನೆಗೆ ಒಂದೇ ಕ್ಲಾಕ್‌ನಲ್ಲಿ ಸಿಗುತ್ತದೆ. ಅದೇ ಫಲ ಇನ್ನೊಂದು ಕೋರ್‌ಗೆ ಕ್ಯಾಷ್ (ಪ್ರೊಸೆಸರ್‌ನೊಳಗಿನ ಚಿಕ್ಕ, ವೇಗದ ಮೆಮೊರಿ) ಮೂಲಕ ತಲುಪಲು ಹತ್ತಾರು ನ್ಯಾನೋಸೆಕೆಂಡ್ ಹಿಡಿಯುತ್ತದೆ. 20 ನ್ಯಾನೋಸೆಕೆಂಡ್ ಎಂದರೂ ನೂರು ಕ್ಲಾಕ್ ಕೈತಪ್ಪಿದವು. ಇಂಟೆಲ್‌ನ ಸೂಪರ್ ಕೋರ್ ಅರ್ಜಿಯಲ್ಲಿ ಕಂಪೈಲರ್ (ಪ್ರೋಗ್ರಾಂ ಅನ್ನು ಪ್ರೊಸೆಸರ್‌ನ ಸೂಚನೆಗಳಾಗಿ ಬದಲಿಸುವ ಸಾಫ್ಟ್‌ವೇರ್) ಅಥವಾ ಬೇರೆ ಸಾಫ್ಟ್‌ವೇರ್ ಪ್ರೋಗ್ರಾಂ ಅನ್ನು ತುಂಡುಗಳಾಗಿಸಿ ಎರಡು ಕೋರ್‌ಗಳಿಗೆ ಹಂಚುವ, ತುಂಡುಗಳ ನಡುವಣ ವಿನಿಮಯಕ್ಕೆ ಪ್ರತ್ಯೇಕ ಮೆಮೊರಿ ಪ್ರದೇಶವನ್ನು ಮೀಸಲಿಡುವ ಉಪಾಯವಿದೆ. ಜಾಣ ಉಪಾಯವೇ. ಆದರೂ ಯಾವ ತುಂಡು ಯಾವುದನ್ನು ಅವಲಂಬಿಸಿದೆ ಎಂದು ಪತ್ತೆ ಹಚ್ಚುವ ಹೊರೆ ಹಾರ್ಡ್‌ವೇರ್‌ನಿಂದ ಸಾಫ್ಟ್‌ವೇರ್ ಹೆಗಲಿಗೆ ಬಂದಿತಷ್ಟೇ, ಇಳಿಯಲಿಲ್ಲ.

ಇನ್ನೊಬ್ಬ ಓದುಗರ ಪ್ರಶ್ನೆ: ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್‌ಗಳಲ್ಲಿ) ಹೈಪರ್‌ಥ್ರೆಡಿಂಗ್ ನಿಲ್ಲಿಸಿದರೆ ಎರಡು ಥ್ರೆಡ್‌ಗಳು ಸೇರಿ ಒಂದಾಗುವುದಿಲ್ಲವೇ?

ಉತ್ತರ: ಇಲ್ಲ. ಅಲ್ಲಿ ಇರುವುದೇ ಒಂದು ಕೋರ್, ಅದು ಎರಡಾಗಿ ತೋರಿಸಿಕೊಳ್ಳುತ್ತದೆ. ಜೊತೆಯ ಥ್ರೆಡ್ ಖಾಲಿ ಕುಳಿತಾಗ ಕೆಲಸದಲ್ಲಿರುವ ಥ್ರೆಡ್‌ಗೆ ಕೋರ್‌ನ ಹೆಚ್ಚುಕಡಿಮೆ ಎಲ್ಲ ಸಂಪನ್ಮೂಲವೂ ಸಿಗುತ್ತದೆ, ಹಾಗಾಗಿ ನಿಲ್ಲಿಸಿದರೂ ಲಾಭ ಅತ್ಯಲ್ಪ.

ಮರುಪ್ರಶ್ನೆ (ರಾಜಾಜಿನಗರ): ಹಾಗಾದರೆ ನಾನೀಗ ಏನು ಮಾಡಲಿ ಸರ್?

ಉತ್ತರ: ಕೊಳ್ಳುವುದಾದರೆ ಕೋರ್‌ಗಳ ಸಂಖ್ಯೆಗೆ ಹಣ ಸುರಿಯದೆ, ಸಿನೆಬೆಂಚ್‌ನಂತಹ ಪರೀಕ್ಷೆಗಳಲ್ಲಿ ಸಿಂಗಲ್ ಕೋರ್ ಅಂಕ ಯಾವುದಕ್ಕೆ ಹೆಚ್ಚಿದೆ ಎಂದು ನೋಡಿ ಆರಿಸಿಕೊಳ್ಳಿ. ರೆಂಡರಿಂಗ್ (ಮಾದರಿಯಿಂದ ನೈಜವಾಗಿ ಕಾಣುವ ಚಿತ್ರ ತಯಾರಿಸುವುದು) ಮಾಡುವವರಾದರೆ ಮಾತು ಬೇರೆ, ಅಲ್ಲಿ ಎಲ್ಲ ಕೋರ್‌ಗಳೂ ದುಡಿಯುತ್ತವೆ.

ಕೊಳ್ಳುವ ಮೊದಲು ಇನ್ನೊಂದನ್ನು ಪ್ರಯತ್ನಿಸಿ. ಆಟೋಕ್ಯಾಡ್ ಜೊತೆಗೇ 'ಕೋರ್ ಕನ್ಸೋಲ್' ಎಂಬ, ಪರದೆಯಿಲ್ಲದೆ ಓಡುವ ಪ್ರೋಗ್ರಾಂ ಬರುತ್ತದೆ. ಬಡಾವಣೆಯನ್ನು ಬ್ಲಾಕ್‌ವಾರು ನಾಲ್ಕು ಕಡತಗಳಾಗಿ ಮಾಡಿ, ನಾಲ್ಕು ಕನ್ಸೋಲ್‌ಗಳಲ್ಲಿ ಒಟ್ಟಿಗೆ ಓಡಿಸಿದರೆ ನಿಮ್ಮ ಹಳೆಯ ಯಂತ್ರದ ನಾಲ್ಕು ಕೋರ್‌ಗಳು ಈಗಲೇ ಕೆಲಸಕ್ಕೆ ಬರುತ್ತವೆ. ವಿಸ್ತೀರ್ಣದ ಲೆಕ್ಕವನ್ನು ಹೀಗೆ ಹಂಚಬಹುದು. ನಿವೇಶನ ಸಂಖ್ಯೆ ಹಿಂದಿನದರ ಮುಂದುವರಿಕೆಯಾದ್ದರಿಂದ ಪ್ರತಿ ಬ್ಲಾಕಿನ ಆರಂಭದ ಸಂಖ್ಯೆಯನ್ನು ನೀವೇ ಮೊದಲು ಕೊಡಬೇಕು. ಹಾಗೆಯೇ ರೂಟೀನ್‌ನಲ್ಲಿ 'ವಿಎಲ್‌ಎ' ಎಂದು ಆರಂಭವಾಗುವ ಆಜ್ಞೆಗಳಿದ್ದರೆ ಅವು ಕನ್ಸೋಲ್‌ನಲ್ಲಿ ನಡೆಯುವುದಿಲ್ಲ, ಅಷ್ಟು ಭಾಗವನ್ನು ಬದಲಿಸಿ ಬರೆಸಿಕೊಳ್ಳಿ.