ಬಿಲ್ ಪೇಪರ್ ಮುಟ್ಟಿದರೆ ಹಾರ್ಮೋನ್ ಏರುಪೇರಾಗುತ್ತಾ?

ಬಿಲ್ ಕೌಂಟರ್, ದಾವಣಗೆರೆ:
ಮಂಡಿಪೇಟೆ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಬಿಲ್ ಹರಿದು ಕೊಡುವುದು ನನ್ನ ಕೆಲಸ. ದಿನವಿಡೀ ಕೈಯಲ್ಲಿ ಅದೇ ನುಣುಪು ಕಾಗದ. ಪಕ್ಕದಲ್ಲೇ ಸ್ಯಾನಿಟೈಸರ್ ಬಾಟಲಿ. ಕಾಗದದಲ್ಲಿ ಬಿಪಿಎ (ಬಿಸ್ಫೆನಾಲ್ ಎ) ಎಂಬ ರಾಸಾಯನಿಕ ಇದೆ, ಅದು ಹೆಣ್ಣು ಹಾರ್ಮೋನ್ ಥರ ಆಡುತ್ತದೆ ಅಂತ ನಾದಿನಿ ಹೆದರಿಸಿದ್ದಾಳೆ. ನನಗೀಗ ಐದನೇ ತಿಂಗಳು. ಮುಟ್ಟಿದ ಮಾತ್ರಕ್ಕೆ ಮೈಯೊಳಗೆ ಹೋಗುತ್ತಾ? ಸುಮ್ನೆ ಗಾಬರಿಯಾಗಿದ್ದೇನಾ?

ಲ್ಯಾಬ್ ಮೇಷ್ಟ್ರು, ಹರಿಹರ:
ಗಾಬರಿ ಬೇಡ ತಂಗಿ. ಆದರೆ ನಾದಿನಿ ಹೇಳಿದ್ದು ಸುಳ್ಳಲ್ಲ. ಬಿಲ್ಲಿನ ಮೇಲೆ ಉಗುರಿನಿಂದ ಜೋರಾಗಿ ಗೀರಿ ನೋಡಿ. ಕಪ್ಪು ಗೆರೆ ಬಂದರೆ ಅದು ಥರ್ಮಲ್ ಪೇಪರ್. ಅದಕ್ಕೆ ಶಾಯಿ ಬೇಡ, ಬಿಸಿಗೆ ಬಣ್ಣ ತಿರುಗುವ ಲೇಪ ಇರುತ್ತದೆ. ಬಿಪಿಎ ಹಾಕಿದ ಪೇಪರಾದರೆ ಅದು ಆ ಲೇಪದಲ್ಲಿ ಬಿಡಿಬಿಡಿಯಾಗಿಯೇ ಇರುತ್ತದೆ, ಅದಕ್ಕೇ ಬೆರಳಿಗೆ ಹತ್ತುತ್ತದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಾದರೆ ಇನ್ನೂ ಜಾಸ್ತಿ ಒಳಗಿಳಿಯುತ್ತದೆ. ಬಾಯಿಂದ ಹೋದದ್ದನ್ನು ಲಿವರ್ ಬಹುಪಾಲು ನಿಷ್ಕ್ರಿಯ ಮಾಡಿ ಮೂತ್ರಕ್ಕೆ ದಾಟಿಸುತ್ತದೆ. ಚರ್ಮದಿಂದ ಇಳಿದದ್ದು ಲಿವರಿಗೆ ಹೋಗುವ ಮೊದಲೇ ರಕ್ತಕ್ಕೆ ಸೇರುತ್ತದೆ.

ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಜೀವಕೋಶದೊಳಗೆ ಹೋಗಿ ತನ್ನ ರಿಸೆಪ್ಟರ್ (ಹಾರ್ಮೋನ್ ಬಂದು ಕೂರುವ ಪ್ರೋಟೀನ್) ಹಿಡಿಯುತ್ತದೆ. ಆ ಜೋಡಿ ಡಿಎನ್‌ಎ ಮೇಲೆ ಕೂತು ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಬಿಪಿಎ ಕೂಡ ಅದೇ ರಿಸೆಪ್ಟರ್ ಹಿಡಿಯುತ್ತದೆ. ಇದು ಈಸ್ಟ್ರೋಜನ್ ಥರ ಆಡುವುದನ್ನು ಡಾಡ್ಸ್ ಎಂಬ ವಿಜ್ಞಾನಿ ಇಂಗ್ಲೆಂಡಿನಲ್ಲಿ 1936ರಲ್ಲೇ ತೋರಿಸಿದ್ದರು! ಹಿಡಿತ ಮಾತ್ರ ಸಡಿಲ, ಅಸಲಿ ಹಾರ್ಮೋನಿಗಿಂತ ಸಾವಿರಾರು ಪಟ್ಟು ಕಮ್ಮಿ. ಆದರೆ ಹೊಟ್ಟೆಯಲ್ಲಿರುವ ಮಗು ಬೆಳೆಯುವುದೇ ಚೂರುಪಾರು ಹಾರ್ಮೋನಿನ ಲೆಕ್ಕದಲ್ಲಿ. ಹಾಗಾಗಿ ನಿಮ್ಮ ಮಟ್ಟಿಗೆ ಹುಷಾರಾಗಿರುವುದೇ ಸರಿ. ಯುರೋಪಿನಲ್ಲಿ 2020ರಿಂದ ಬಿಲ್ ಪೇಪರಿಗೆ ಬಿಪಿಎ ಹಾಕುವುದಕ್ಕೆ ಕಡಿವಾಣ ಇದೆ.

ಜೋಳದ ಹೊಲ, ಜಗಳೂರು:
ಮೇಷ್ಟ್ರೇ, ನಾವು ಮೆಕ್ಕೆಜೋಳಕ್ಕೆ ಕಳೆ ಸಾಯಲಿ ಅಂತ ಅಟ್ರಾಜಿನ್ ಹೊಡೆಯುತ್ತೇವೆ. ಅದೂ ಇದೇ ಥರಾನಾ?

ಲ್ಯಾಬ್ ಮೇಷ್ಟ್ರು:
ಅದರ ದಾರಿ ಬೇರೆ. ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಮಾಡುವ ಅರೋಮಟೇಸ್ ಕಿಣ್ವವನ್ನು ಅದು ಹೆಚ್ಚಿಸುತ್ತದೆ ಅಂತ ಲ್ಯಾಬಿನ ಪ್ರಯೋಗಗಳು ಹೇಳುತ್ತವೆ. ಅದು ಗಂಡು ಕಪ್ಪೆಗಳನ್ನು ಹೆಣ್ಣಿನ ಥರ ಮಾಡುತ್ತದಾ ಎಂಬ ವಿಷಯದಲ್ಲಿ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಜಗಳ ಏನೇ ಇರಲಿ, ಸ್ಪ್ರೇಯರ್ ಟ್ಯಾಂಕನ್ನು ಬೋರ್‌ವೆಲ್ ಪಕ್ಕ ತೊಳೆಯಬೇಡಿ. ಇದು ಅಂತರ್ಜಲಕ್ಕೆ ಇಳಿಯುವ ಔಷಧಿ.

ಡಿಡಿಟಿ ಎಂಬ ಕೀಟನಾಶಕ ಇನ್ನೊಂದು ಥರ. ಅದು ಮೈಯಲ್ಲಿ ಡಿಡಿಇ ಎಂಬ ವಸ್ತುವಾಗಿ ಬದಲಾಗಿ ಗಂಡು ಹಾರ್ಮೋನಿನ ರಿಸೆಪ್ಟರ್ ಮೇಲೆ ಕೂರುತ್ತದೆ, ಕೆಲಸ ಮಾತ್ರ ಏನೂ ಮಾಡುವುದಿಲ್ಲ. ಕಿಟಕಿಯಿಂದ ಟವೆಲ್ ಎಸೆದು ಬಸ್ ಸೀಟು ಹಿಡಿದ ಹಾಗೆ. ಅಸಲಿ ಹಾರ್ಮೋನ್ ಬಂದರೂ ನಿಂತೇ ಇರಬೇಕು.

ಸ್ಟೇಷನರಿ ಅಂಗಡಿ:
ಬಿಪಿಎ ಇಲ್ಲದ ರೋಲ್ ಬರುತ್ತದಲ್ವಾ? ಓನರಿಗೆ ಹೇಳಿ ಅದನ್ನೇ ತರಿಸಿ.

ಲ್ಯಾಬ್ ಮೇಷ್ಟ್ರು:
ಅಂಥ ಎಷ್ಟೋ ರೋಲ್‌ಗಳಲ್ಲಿ ಬಿಪಿಎ ಬದಲು ಬಿಪಿಎಸ್ (ಬಿಸ್ಫೆನಾಲ್ ಎಸ್) ಹಾಕಿರುತ್ತಾರೆ. ಅದೂ ಅದೇ ರಿಸೆಪ್ಟರ್ ಹಿಡಿಯುವ ಜಾತಿಯದೇ.

ಬಿಲ್ ಕೌಂಟರ್:
ಗ್ಲೌಸ್ ಹಾಕಿದರೆ ಗಿರಾಕಿಗಳು ಏನಂದುಕೊಳ್ಳುತ್ತಾರೋ ಅಂತಾರೆ ಓನರ್. ಬೇರೆ ದಾರಿ?

ಲ್ಯಾಬ್ ಮೇಷ್ಟ್ರು:
ಗಿರಾಕಿ ಏನಾದರೂ ಅಂದುಕೊಳ್ಳಲಿ, ನೈಟ್ರೈಲ್ ಗ್ಲೌಸ್ ಹಾಕಿ. ಅದಾಗದಿದ್ದರೆ ಸ್ಯಾನಿಟೈಸರ್ ಬಿಟ್ಟು ಸೋಪು ನೀರಲ್ಲಿ ಕೈ ತೊಳೆಯಿರಿ, ಊಟಕ್ಕೆ ಮುಂಚೆ ತಪ್ಪದೆ. ಮೊಬೈಲಿಗೇ ಬಿಲ್ ಕಳಿಸುವ ವ್ಯವಸ್ಥೆ ಇದ್ದರೆ ಕೇಳಿ ನೋಡಿ. ಚೆಕಪ್‌ಗೆ ಹೋದಾಗ ಕೆಲಸ ಇಂಥದ್ದು ಅಂತ ಡಾಕ್ಟರಿಗೂ ಹೇಳಿ.